ಸೊಂಟದ ಪಿಸ್ತೂಲು ಕಿರಿದಾಯಿತು, ಕಲಿಕೆಯೂ ಕಿರಿದಾಯಿತು

ಅಮೆರಿಕದ 50 ರಾಜ್ಯಗಳ ಪೈಕಿ 29ರಲ್ಲಿ ಇಂದು, ಬಂದೂಕು ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲದ ವಯಸ್ಕರು ಗುಂಡು ತುಂಬಿದ ಪಿಸ್ತೂಲನ್ನು ಅಂಗಿಯ ಕೆಳಗೆ ಸಿಕ್ಕಿಸಿಕೊಂಡು ಪೇಟೆಗೆ ಹೋಗಬಹುದು. ಅದಕ್ಕೆ ಪರವಾನಗಿ ಬೇಕಿಲ್ಲ, ತರಬೇತಿ ಪಡೆದ ಪುರಾವೆಯೂ ಬೇಕಿಲ್ಲ. 2005ರ ಹೊತ್ತಿಗೆ ಇಂಥ ಸಡಿಲಿಕೆ ಇದ್ದದ್ದು ವರ್ಮಾಂಟ್ ಮತ್ತು ಅಲಾಸ್ಕಾದಲ್ಲಿ ಮಾತ್ರ. ಇದೇ ಅವಧಿಯಲ್ಲಿ ಪಿಸ್ತೂಲು ಕಾರ್ಖಾನೆಗಳಲ್ಲೂ ದೊಡ್ಡ ಬದಲಾವಣೆ ಆಯಿತು. ಆರೇಳು ಗುಂಡು ಹಿಡಿಯುತ್ತಿದ್ದ ಅಂಗೈಯಗಲದ ಪಿಸ್ತೂಲು ಈಗ ಹೆಚ್ಚುಕಡಿಮೆ ಅದೇ ಗಾತ್ರದಲ್ಲಿ ಹತ್ತರಿಂದ ಹದಿಮೂರು ಗುಂಡು ಹಿಡಿಯುತ್ತದೆ.

ಮೊದಲ ಬದಲಾವಣೆಯನ್ನು ಕಾನೂನು ಪಂಡಿತರು ಚರ್ಚಿಸುತ್ತಾರೆ, ಎರಡನೆಯದನ್ನು ಬಂದೂಕುಪ್ರಿಯರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಆತಂಕದ ಸಂಗತಿಯೊಂದು ಕಣ್ಣಿಗೆ ಬೀಳುತ್ತದೆ. ಪಿಸ್ತೂಲು ಚಿಕ್ಕದಾದಷ್ಟೂ ಒಯ್ಯುವುದು ಸುಲಭ, ಗುರಿಯಿಟ್ಟು ಹೊಡೆಯುವುದು ಕಷ್ಟ. ಹಾಗಾಗಿ ಚಿಕ್ಕ ಪಿಸ್ತೂಲು ಹೆಚ್ಚಿನ ಅಭ್ಯಾಸ ಬೇಡುತ್ತದೆ. ಕಾನೂನು ಮಾತ್ರ ಅದೇ ಹೊತ್ತಿಗೆ ಅಭ್ಯಾಸದ ಷರತ್ತನ್ನೇ ಕೈಬಿಟ್ಟಿತು. ಇದು ಹೇಗೆಂದು ತಿಳಿಯಬೇಕಾದರೆ ಆ ಪಿಸ್ತೂಲುಗಳನ್ನೇ ಪಕ್ಕಪಕ್ಕ ಇಟ್ಟು ನೋಡಬೇಕು.

ಒಂದು ಗುಂಡಿನಿಂದ ಹದಿಮೂರಕ್ಕೆ

ಬಚ್ಚಿಟ್ಟು ಒಯ್ಯುವ ಪಿಸ್ತೂಲು ಹೊಸದೇನಲ್ಲ. 19ನೇ ಶತಮಾನದಲ್ಲಿ ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಮಾಡುತ್ತಿದ್ದ ಜೇಬು ಪಿಸ್ತೂಲಿಗೆ ಹಿಡಿಸುತ್ತಿದ್ದದ್ದು ಒಂದೇ ಗುಂಡು. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರಿನಲ್ಲಿ ಜಾನ್ ವಿಲ್ಕ್ಸ್ ಬೂತ್ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರಿಗೆ ಗುಂಡಿಕ್ಕಿದ್ದು ಅಂಥ ಪಿಸ್ತೂಲಿನಿಂದಲೇ. 20ನೇ ಶತಮಾನದಲ್ಲಿ ಆ ಜಾಗಕ್ಕೆ ಗಿಡ್ಡ ನಳಿಗೆಯ ರಿವಾಲ್ವರ್ ಬಂತು. ಕೋಲ್ಟ್ ಕಂಪನಿಯ ಡಿಟೆಕ್ಟಿವ್ ಸ್ಪೆಷಲ್ 1927ರಲ್ಲಿ ಆರು ಗುಂಡುಗಳೊಂದಿಗೆ ಬಂದರೆ, ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ಚೀಫ್ಸ್ ಸ್ಪೆಷಲ್ 1950ರಲ್ಲಿ ಐದು ಗುಂಡುಗಳೊಂದಿಗೆ ಬಂತು. ಮಫ್ತಿ ಪೊಲೀಸರ ಸೊಂಟದಲ್ಲಿ ದಶಕಗಳ ಕಾಲ ಇದ್ದದ್ದು ಇಂಥವೇ.

ಮುಂದಿನ ತಿರುವು ಆಸ್ಟ್ರಿಯಾದಿಂದ. ಬಂದೂಕು ತಯಾರಿಕೆಯಲ್ಲಿ ಹಿಂದಿನ ಅನುಭವವಿಲ್ಲದ ಗಾಸ್ಟನ್ ಗ್ಲಾಕ್ ಎಂಬ ಎಂಜಿನಿಯರ್ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟಿನ, 17 ಗುಂಡು ಹಿಡಿಯುವ ಪಿಸ್ತೂಲು ರೂಪಿಸಿದರು. 1982ರಲ್ಲಿ ಆಸ್ಟ್ರಿಯಾದ ಸೇನೆ ಅದನ್ನು ಒಪ್ಪಿಕೊಂಡಿತು. ಅದರ ಚಿಕ್ಕ ತಮ್ಮನಾಗಿ 1988ರಲ್ಲಿ 15 ಗುಂಡಿನ ಗ್ಲಾಕ್ 19 ಬಂತು. ಬಟ್ಟೆಯ ಕೆಳಗೆ ಅಡಗುವಷ್ಟು ಗಿಡ್ಡ, ಎರಡೂ ಕೈಯಲ್ಲಿ ಭದ್ರವಾಗಿ ಹಿಡಿಯುವಷ್ಟು ದೊಡ್ಡ ಎಂದು ಹೆಸರಾದ ಈ ಪಿಸ್ತೂಲನ್ನು ಅಳತೆಗೋಲಾಗಿ ಇಟ್ಟುಕೊಂಡೇ ಇವತ್ತಿಗೂ ಉಳಿದವುಗಳನ್ನು ಹೋಲಿಸುತ್ತಾರೆ.

ಕಾನೂನು ಎರಡು ಬಾರಿ ಈ ಚಿಕ್ಕ ಪಿಸ್ತೂಲುಗಳಿಗೆ ಮಾರುಕಟ್ಟೆ ತೆರೆದುಕೊಟ್ಟಿತು. 1987ರಲ್ಲಿ ಫ್ಲಾರಿಡಾ ರಾಜ್ಯವು ಅರ್ಹತೆ ಇದ್ದ ಪ್ರತಿಯೊಬ್ಬರಿಗೂ ಬಚ್ಚಿಟ್ಟು ಒಯ್ಯುವ ಪರವಾನಗಿ ಕೊಡಲೇಬೇಕು ಎಂದಿತು. ಹಲವು ರಾಜ್ಯಗಳು ಅದೇ ಹಾದಿ ಹಿಡಿದವು. 1994ರಲ್ಲಿ ಕೇಂದ್ರ ಸರ್ಕಾರ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಹೊಸ ಮ್ಯಾಗಜೀನುಗಳ ಮಾರಾಟವನ್ನು ಹತ್ತು ವರ್ಷಗಳ ಅವಧಿಗೆ ನಿಷೇಧಿಸಿತು. ಹೇಗೂ ಹತ್ತೇ ಗುಂಡು ಎಂದಾದ ಮೇಲೆ ದೊಡ್ಡ ಪಿಸ್ತೂಲು ಏಕೆ ಬೇಕು? ತಯಾರಕರು ಹತ್ತು ಗುಂಡಿಗೆ ಸಾಕಾಗುವ ಪುಟ್ಟ ಪಿಸ್ತೂಲು ಮಾಡಲು ತೊಡಗಿದರು. ಗ್ಲಾಕ್ 26 ಆ ಕಾಲದ ಕೂಸು. ಮ್ಯಾಗಜೀನಿನ ನಿಷೇಧ 2004ರಲ್ಲಿ ಮುಗಿಯಿತು, ಚಿಕ್ಕ ಪಿಸ್ತೂಲಿನ ರುಚಿ ಉಳಿಯಿತು.

ಅರ್ಧ ಇಂಚಿನ ಜಗಳ

ಚಿಕ್ಕ ಪಿಸ್ತೂಲಿನ ಎಂಜಿನಿಯರಿಂಗ್ ಅಂದರೆ ಮುಖ್ಯವಾಗಿ ಹಿಡಿಯ ಎಂಜಿನಿಯರಿಂಗ್. ನಳಿಗೆ ಪ್ಯಾಂಟಿನೊಳಗೆ ಇಳಿಯುವುದರಿಂದ ಅದು ಸ್ವಲ್ಪ ಉದ್ದವಿದ್ದರೂ ಹೊರಗೆ ಕಾಣುವುದಿಲ್ಲ. ಬೆಲ್ಟಿನ ಮೇಲೆ ಚಾಚಿಕೊಳ್ಳುವುದು ಹಿಡಿ. ಬಗ್ಗಿದಾಗ, ಕೈ ಎತ್ತಿದಾಗ ಅಂಗಿಯ ಮೇಲೆ ಉಬ್ಬು ಮೂಡಿಸುವುದೂ ಅದೇ. ಹಾಗಾಗಿ ಮೊದಲು ಕತ್ತರಿ ಬೀಳುವುದು ಹಿಡಿಗೆ. ಆದರೆ ಪಿಸ್ತೂಲನ್ನು ಅಲುಗದಂತೆ ಹಿಡಿಯಲು ಕೈಗೆ ಇರುವ ಆಸರೆಯೂ ಅದೊಂದೇ, ಗುಂಡುಗಳು ಕೂರುವ ಜಾಗವೂ ಅದೇ. ಸಂಪೂರ್ಣ ಜೋಡಿಸಿದ 9 ಎಂ.ಎಂ. ಕಾಡತೂಸು ಸುಮಾರು 30 ಮಿಲಿಮೀಟರ್ ಉದ್ದವಿರುವುದರಿಂದ ಹಿಡಿಯನ್ನು ಮುಂದಿನಿಂದ ಹಿಂದಕ್ಕೆ ಒಂದು ಮಟ್ಟಕ್ಕಿಂತ ತೆಳುವಾಗಿಸಲು ಆಗುವುದಿಲ್ಲ. ಉಳಿದದ್ದು ಎತ್ತರ ಮತ್ತು ದಪ್ಪ.

2018ಕ್ಕೆ ಮುಂಚೆ ಕೊಳ್ಳುವವರ ಮುಂದೆ ಎರಡೇ ದಾರಿ ಇತ್ತು. ಗುಂಡುಗಳನ್ನು ಒಂದರ ಮೇಲೊಂದು ಒಂಟಿ ಸಾಲಿನಲ್ಲಿ ಜೋಡಿಸಿದರೆ ಪಿಸ್ತೂಲು ತೆಳುವಾಗುತ್ತದೆ, ಗುಂಡು ಕಡಿಮೆ. 2012ರ ಸ್ಮಿತ್ ಆ್ಯಂಡ್ ವೆಸನ್ ಶೀಲ್ಡ್ ಏಳೆಂಟು ಗುಂಡಿನದು, 2015ರ ಗ್ಲಾಕ್ 43 ಆರು ಗುಂಡಿನದು. ಗುಂಡುಗಳನ್ನು ಎರಡು ಸಾಲಿನಲ್ಲಿ, ಡಬ್ಬಿಯಲ್ಲಿ ಲಿಂಬೆಹಣ್ಣು ತುಂಬಿದಂತೆ ಒಂದರ ಸಂದಿಗೆ ಇನ್ನೊಂದನ್ನು ಕೂರಿಸಿದರೆ ಹತ್ತೋ ಹದಿನೈದೋ ಹಿಡಿಸುತ್ತವೆ, ಹಿಡಿ ದಪ್ಪವಾಗುತ್ತದೆ. ಗ್ಲಾಕ್ 26 ಗಿಡ್ಡವಾಗಿದ್ದರೂ ಅದರ ಹಿಡಿ ಗ್ಲಾಕ್ 19ರಷ್ಟೇ ದಪ್ಪ.

2018ರ ಜನವರಿಯಲ್ಲಿ ಸಿಗ್ ಸವರ್ ಕಂಪನಿ ಪಿ365 ಎಂಬ ಪಿಸ್ತೂಲಿನಲ್ಲಿ ಮೂರನೆಯ ದಾರಿ ತೋರಿಸಿತು. ಅದರ ಮ್ಯಾಗಜೀನಿನ ಕೆಳಭಾಗದಲ್ಲಿ ಗುಂಡುಗಳು ಓರೆಕೋರೆಯಾಗಿ ಒತ್ತಿಕೊಂಡು ಕೂರುತ್ತವೆ, ಮೇಲಕ್ಕೆ ಬರುತ್ತಿದ್ದಂತೆ ಮ್ಯಾಗಜೀನು ಕಿರಿದಾಗಿ ಒಂದೇ ಸಾಲಾಗುತ್ತದೆ. ಪೂರ್ತಿ ಎರಡು ಸಾಲಿನ ಅಗಲವಿಲ್ಲ, ಒಂಟಿ ಸಾಲಿನ ಬಡತನವೂ ಇಲ್ಲ. ಸುಮಾರು ಒಂದು ಇಂಚು ದಪ್ಪದ, 147 ಮಿಲಿಮೀಟರ್ ಉದ್ದದ, ಅರ್ಧ ಕಿಲೋ ತೂಕದ ಪಿಸ್ತೂಲಿನಲ್ಲಿ ಹತ್ತು ಗುಂಡು ಹಿಡಿಸಿದವು. ನಳಿಗೆಯ ಹಿಂಭಾಗದ ಚೇಂಬರಿನಲ್ಲಿ ಇನ್ನೊಂದು. ಇತರ ಕಂಪನಿಗಳೂ ಹಿಂಬಾಲಿಸಿದವು. 2019ರಲ್ಲಿ ಕ್ರೊಯೇಷಿಯಾದಲ್ಲಿ ತಯಾರಾದ ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್ 11 ಅಥವಾ 13 ಗುಂಡಿನ ಮ್ಯಾಗಜೀನುಗಳೊಂದಿಗೆ ಬಂತು. ಅದೇ ವರ್ಷ ಗ್ಲಾಕ್ 43ಎಕ್ಸ್ ಮತ್ತು 48 ಎಂಬ ತೆಳು ಪಿಸ್ತೂಲುಗಳು ತಲಾ ಹತ್ತು ಗುಂಡು ತಂದವು. 2021ರಲ್ಲಿ ಶೀಲ್ಡ್ ಪ್ಲಸ್ 10 ಮತ್ತು 13 ಗುಂಡಿನ ಮ್ಯಾಗಜೀನು ಪಡೆಯಿತು, ರೂಗರ್ ಕಂಪನಿಯ ಮ್ಯಾಕ್ಸ್-9 ಕೂಡ ಸಾಲಿಗೆ ಸೇರಿತು.

ಇವುಗಳನ್ನು ಒಂದು ತೂಕದ ಏಣಿಯಲ್ಲಿ ನಿಲ್ಲಿಸಬಹುದು. ಮೇಲಿನ ಮೆಟ್ಟಿಲಲ್ಲಿ ಗ್ಲಾಕ್ 19: ನಳಿಗೆ 102 ಮಿಲಿಮೀಟರ್, 15 ಗುಂಡು ತುಂಬಿದರೆ ತೂಕ ಸುಮಾರು 850 ಗ್ರಾಂ. ನಡುವೆ ಪಿ365, ಹೆಲ್‌ಕ್ಯಾಟ್, ಶೀಲ್ಡ್ ಪ್ಲಸ್: ನಳಿಗೆ 76ರಿಂದ 79 ಮಿಲಿಮೀಟರ್, ಗುಂಡಿಲ್ಲದ ತೂಕ 500ರಿಂದ 570 ಗ್ರಾಂ. ಅವುಗಳ ಕೆಳಗೆ ಸ್ಮಿತ್ ಆ್ಯಂಡ್ ವೆಸನ್ 642 ರಿವಾಲ್ವರ್: ನಳಿಗೆ 48 ಮಿಲಿಮೀಟರ್, ಐದು ಗುಂಡು, ತೂಕ 400 ಗ್ರಾಂ ದಾಟಿದಷ್ಟು. ಜೇಬಿನ ಬಟ್ಟೆಗೆ ಸಿಕ್ಕಿಕೊಳ್ಳದಂತೆ ಇದರ ಸುತ್ತಿಗೆಯನ್ನು ಒಳಗೆ ಮುಚ್ಚಿಟ್ಟಿದ್ದಾರೆ. ಕೊನೆಯ ಮೆಟ್ಟಿಲು 2008ರ ರೂಗರ್ ಎಲ್‌ಸಿಪಿಯದು: ಗುಂಡಿಲ್ಲದಾಗ 270 ಗ್ರಾಂ ಆಸುಪಾಸು, ಆರು ಗುಂಡು, ಅದೂ 9 ಎಂ.ಎಂ.ಗಿಂತ ದುರ್ಬಲವಾದ .380 ಕಾಡತೂಸು. ಅಮೆರಿಕದ ಎಫ್‌ಬಿಐ ಸಂಸ್ಥೆ ಪರೀಕ್ಷೆಯ ಜೆಲಾಟಿನ್ ಅಚ್ಚಿನಲ್ಲಿ ಗುಂಡು ಕನಿಷ್ಠ 12 ಇಂಚು ಆಳಕ್ಕೆ ಇಳಿಯಬೇಕೆಂದು ಬಯಸುತ್ತದೆ. ಗಿಡ್ಡ ನಳಿಗೆಯಿಂದ ಹಾರುವ .380 ಗುಂಡುಗಳಲ್ಲಿ ಹಲವಕ್ಕೆ ಆ ಆಳ ಮುಟ್ಟುವುದು ಕಷ್ಟ.

ಒದೆತದ ಲೆಕ್ಕ

ಅಳತೆಪಟ್ಟಿಯನ್ನು ಇಲ್ಲಿಗೇ ಮುಗಿಸಿದರೆ ಚಿಕ್ಕದೇ ಗೆದ್ದಿತು ಅನ್ನಿಸುತ್ತದೆ. ಆದರೆ ಅರ್ಧ ಕಿಲೋ ತೂಕಕ್ಕೆ ತೆರಬೇಕಾದ ಬೆಲೆಯನ್ನು ಯಾವ ಎಂಜಿನಿಯರ್ ಕೂಡ ಮನ್ನಾ ಮಾಡಲಾರ. ಅದನ್ನು ನಿಗದಿ ಮಾಡಿದ್ದು ನ್ಯೂಟನ್ನನ ಮೂರನೆಯ ನಿಯಮ. ಗುಂಡು ಮುಂದಕ್ಕೆ ಹೋದ ಜೋರಿಗೆ ಸರಿಸಮನಾಗಿ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ಕಾಡತೂಸು ಒಂದೇ ಆಗಿದ್ದರೆ ಆ ಒದೆತದ ಶಕ್ತಿ ಪಿಸ್ತೂಲಿನ ತೂಕಕ್ಕೆ ವಿಲೋಮವಾಗಿರುತ್ತದೆ. ತೂಕ ಅರ್ಧವಾದರೆ ಒದೆತ ಇಮ್ಮಡಿ. ಹತ್ತು ಗುಂಡು ತುಂಬಿದ ಪಿ365 ಸುಮಾರು 630 ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ, ಅದೇ 9 ಎಂ.ಎಂ. ಗುಂಡಿಗೆ ಗ್ಲಾಕ್ 19ಕ್ಕಿಂತ ಮೂರನೇ ಒಂದು ಪಾಲಿಗೂ ತುಸು ಹೆಚ್ಚು ಶಕ್ತಿಯಿಂದ ಅದು ಅಂಗೈಗೆ ಅಪ್ಪಳಿಸುತ್ತದೆ. ಅದನ್ನು ತಡೆದು ನಿಲ್ಲಿಸಬೇಕಾದ ಹಿಡಿಯೋ ಗಿಡ್ಡ. ದೊಡ್ಡ ಕೈಯವರಿಗೆ ಕಿರುಬೆರಳು ಊರಲೂ ಜಾಗ ಸಿಗುವುದಿಲ್ಲ. ಮೂತಿ ಮೇಲಕ್ಕೆ ಚಿಮ್ಮುತ್ತದೆ, ಮತ್ತೆ ಗುರಿಗೆ ಬರಲು ಹೊತ್ತು ಹಿಡಿಯುತ್ತದೆ. ಕೈಗೆ ನೋವಾಗುವ ಪಿಸ್ತೂಲಿನಲ್ಲಿ ಅಭ್ಯಾಸ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಹೆಚ್ಚು ಅಭ್ಯಾಸ ಬೇಡುವ ಆಯುಧವೇ ಅಭ್ಯಾಸದಿಂದ ದೂರ ಇಡುತ್ತದೆ ಎಂಬುದು ಚಿಕ್ಕ ಪಿಸ್ತೂಲಿನ ದೊಡ್ಡ ಕುಂದು.

ಎರಡನೆಯ ಬೆಲೆ ಗುರಿಯದ್ದು. ಮುಂದಿನ ಗುರಿಕಡ್ಡಿ ಮತ್ತು ಹಿಂದಿನ ಗುರಿಗಚ್ಚು ಒಂದರಿಂದೊಂದು ದೂರ ಇದ್ದಷ್ಟೂ ಕಣ್ಣಿನ ತಪ್ಪು ಕಡಿಮೆ. ಎರಡರ ನಡುವೆ 15 ಸೆಂಟಿಮೀಟರ್ ಇದ್ದಾಗ ಒಂದು ಮಿಲಿಮೀಟರ್ ಓರೆಯಾದರೆ ಹತ್ತು ಮೀಟರ್ ದೂರದಲ್ಲಿ ಗುಂಡು ಆರೂವರೆ ಸೆಂಟಿಮೀಟರಿನಷ್ಟು ಪಕ್ಕಕ್ಕೆ ಬೀಳುತ್ತದೆ. ನಡುವಿನ ದೂರ 10 ಸೆಂಟಿಮೀಟರಿಗೆ ಇಳಿದರೆ ಅದೇ ತಪ್ಪಿಗೆ ಹತ್ತು ಸೆಂಟಿಮೀಟರ್ ದಂಡ. ಇತ್ತೀಚೆಗೆ ಪಿಸ್ತೂಲಿನ ಹಿಂದೆಮುಂದೆ ಸರಿಯುವ ಮೇಲ್ಭಾಗವಾದ ಸ್ಲೈಡಿನ ಮೇಲೆ ಕೂರಿಸುವ ಕೆಂಪು ಚುಕ್ಕೆಯ ಪುಟ್ಟ ದರ್ಶಕಗಳು ಈ ಕೊರತೆಯನ್ನು ಸಾಕಷ್ಟು ತುಂಬಿವೆ. ಆದರೆ ಸೊಂಟದಿಂದ ಎತ್ತಿದ ಕೂಡಲೇ ಆ ಚುಕ್ಕೆ ಕಣ್ಣೆದುರು ಬರುವಂತೆ ಮಣಿಕಟ್ಟನ್ನು ಪಳಗಿಸಲು ಮತ್ತೆ ನೂರಾರು ಸಲದ ಅಭ್ಯಾಸವೇ ಬೇಕು.

ಮೂರನೆಯದು ಸ್ಪ್ರಿಂಗಿನ ಬೆಲೆ. ಪ್ರತಿ ಗುಂಡಿಗೂ ಸ್ಲೈಡ್ ಹಿಂದಕ್ಕೆ ಸರಿದು, ಖಾಲಿ ಕವಚವನ್ನು ಹೊರಗೆಸೆದು, ಹೊಸ ಗುಂಡನ್ನು ಚೇಂಬರಿಗೆ ತಳ್ಳಬೇಕು. ಸ್ಲೈಡ್ ಗಿಡ್ಡವೂ ಹಗುರವೂ ಆದಾಗ ಅದನ್ನು ತಡೆಯುವ ಸ್ಪ್ರಿಂಗ್ ಬಿಗಿಯಾಗಿರಬೇಕು. ಆಗ ಕೈಯಿಂದ ಸ್ಲೈಡ್ ಎಳೆಯುವುದೇ ಕಷ್ಟ. ಸಂಧಿವಾತ ಇರುವವರು, ಬೆರಳಲ್ಲಿ ಬಲವಿಲ್ಲದ ಹಿರಿಯರು ಎಳೆಯಲಾಗದೆ ಸೋಲುತ್ತಾರೆ. ಸ್ಮಿತ್ ಆ್ಯಂಡ್ ವೆಸನ್ 2018ರಲ್ಲಿ ಶೀಲ್ಡ್ ಇಝಡ್ ಎಂಬ, ಸುಲಭವಾಗಿ ಸ್ಲೈಡ್ ಎಳೆಯಬಹುದಾದ ಪಿಸ್ತೂಲನ್ನು ತಂದದ್ದು ಇಂಥವರಿಗಾಗಿ. ಅದಕ್ಕೆ ಗಾತ್ರವನ್ನು ಸ್ವಲ್ಪ ಹೆಚ್ಚಿಸಬೇಕಾಯಿತು. ಹಿಡಿತ ಸಡಿಲವಾಗಿದ್ದರೆ ಹಗುರ ಪಿಸ್ತೂಲಿನ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗದೆ, ಗುಂಡು ನಡುವೆ ಸಿಕ್ಕಿಕೊಳ್ಳುವುದೂ ಉಂಟು. ಐದೇ ಗುಂಡಿನ ರಿವಾಲ್ವರನ್ನು ಇಂದಿಗೂ ಮೆಚ್ಚುವವರು ಇರುವುದು ಇದೇ ಕಾರಣಕ್ಕೆ. ಅದಕ್ಕೆ ಸ್ಲೈಡ್ ಎಳೆಯಬೇಕಿಲ್ಲ, ಒಂದು ಗುಂಡು ಹಾರದಿದ್ದರೆ ಟ್ರಿಗರನ್ನು ಮತ್ತೊಮ್ಮೆ ಒತ್ತಿದರಾಯಿತು.

ಟ್ರಿಗರಿನ ಮೇಲಿನ ಬೆರಳು

ರಿವಾಲ್ವರಿಗೂ ಅದರದೇ ತೊಡಕಿದೆ. ಟ್ರಿಗರ್ ಉದ್ದಕ್ಕೂ ಬಿಗಿ. ಎಳೆಯಲು ಸುಮಾರು ಐದು ಕಿಲೋ ಭಾರದಷ್ಟು ಬಲ ಬೇಕು. ಆ ಬಿಗಿಯಲ್ಲಿ ಕೈ ಅಲುಗುತ್ತದೆ, ಗುರಿ ತಪ್ಪುತ್ತದೆ. ಆದರೆ ಅಕಸ್ಮಾತ್ ಗುಂಡು ಹಾರದಂತೆ ಕಾಯುವುದೂ ಅದೇ ಬಿಗಿ. ಇಂದಿನ ಹೆಚ್ಚಿನ ಚಿಕ್ಕ ಪಿಸ್ತೂಲುಗಳ ಟ್ರಿಗರಿಗೆ ಅದರ ಅರ್ಧದಷ್ಟು ಬಲ ಸಾಕು, ಎಳೆಯಬೇಕಾದ ದೂರವೂ ಕಡಿಮೆ. ಗ್ಲಾಕ್ ಪಿಸ್ತೂಲಿನಲ್ಲಿ ಕೈಯಿಂದ ಹಾಕಿ ತೆಗೆಯುವ ಸೇಫ್ಟಿ ಗುಂಡಿಯೇ ಇಲ್ಲ. ಟ್ರಿಗರ್ ಒತ್ತದಿದ್ದರೆ ಗುಂಡು ಹಾರದಂತೆ, ಕೆಳಗೆ ಬಿದ್ದರೂ ಹಾರದಂತೆ ಒಳಗೇ ಮೂರು ತಡೆಗಳಿವೆ. ಆದರೆ ಟ್ರಿಗರ್ ಒತ್ತಿದ್ದು ಬೆರಳೋ, ಅಂಗಿಯ ಚುಂಗೋ, ಮಗುವಿನ ಕೈಯೋ ಎಂಬುದು ಆ ತಡೆಗಳಿಗೆ ತಿಳಿಯುವುದಿಲ್ಲ. ಪಿ365, ಹೆಲ್‌ಕ್ಯಾಟ್, ಶೀಲ್ಡ್‌ಗಳು ಕೈ ಸೇಫ್ಟಿ ಇರುವ ಮತ್ತು ಇಲ್ಲದ ಎರಡೂ ಬಗೆಯಲ್ಲಿ ಸಿಗುತ್ತವೆ. ಗಾಬರಿಯಲ್ಲಿ ಸೇಫ್ಟಿ ತೆಗೆಯಲು ಮರೆತರೆ ಏನು ಗತಿ ಎಂದು ಒಂದು ಪಂಗಡ ಕೇಳುತ್ತದೆ, ಸೇಫ್ಟಿ ಇಲ್ಲದ್ದು ಮನೆಯಲ್ಲಿ ಮಗುವಿನ ಕೈಗೆ ಸಿಕ್ಕರೆ ಏನು ಗತಿ ಎಂದು ಇನ್ನೊಂದು ಪಂಗಡ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಮೊದಲನೆಯದಕ್ಕೆ ಅಭ್ಯಾಸ ಉತ್ತರ. ಎರಡನೆಯದಕ್ಕೆ ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಒರೆಯಾದ ಹೋಲ್‌ಸ್ಟರ್ ಮತ್ತು ಬೀಗ ಹಾಕಿದ ಪೆಟ್ಟಿಗೆ ಉತ್ತರ.

ಈ ಎರಡನೆಯ ಉತ್ತರ ಇಲ್ಲದಾಗ ಏನಾಗುತ್ತದೆಂದು 2014ರ ಡಿಸೆಂಬರ್ 30ರಂದು ಐಡಹೊ ರಾಜ್ಯದ ಹೇಡನ್ ಊರಿನ ವಾಲ್‌ಮಾರ್ಟ್ ಅಂಗಡಿಯಲ್ಲಿ ಕಂಡಿತು. ಒಬ್ಬ ಯುವತಿ ಎರಡು ವರ್ಷದ ಮಗನನ್ನು ಸಾಮಾನಿನ ಗಾಡಿಯಲ್ಲಿ ಕೂರಿಸಿಕೊಂಡು ಖರೀದಿಗೆ ಬಂದಿದ್ದರು. ಆಕೆಗೆ ಒಯ್ಯುವ ಪರವಾನಗಿ ಇತ್ತು, ಬಂದೂಕಿನ ಪರಿಚಯವೂ ಇತ್ತು. ಪಿಸ್ತೂಲು ಇಡಲೆಂದೇ ಪ್ರತ್ಯೇಕ ಜಿಪ್ಪಿನ ಜೇಬು ಹೊಲಿದ ಕೈಚೀಲ ಆ ಕ್ರಿಸ್‌ಮಸ್ಸಿಗೆ ಸಿಕ್ಕ ಉಡುಗೊರೆ. ಚೀಲ ಮಗುವಿನ ಪಕ್ಕದಲ್ಲಿತ್ತು. ಮಗು ಜಿಪ್ಪು ಎಳೆದು ಕೈ ಹಾಕಿತು, ಗುಂಡು ಹಾರಿತು, ತಾಯಿ ಅಲ್ಲೇ ತೀರಿಕೊಂಡರು. ಪಿಸ್ತೂಲು ಕೆಟ್ಟಿರಲಿಲ್ಲ, ತಾಯಿ ಮಗುವನ್ನು ಅಲಕ್ಷಿಸುವವರೂ ಆಗಿರಲಿಲ್ಲ. ಒಯ್ಯಲು ಅನುಕೂಲವಾದ ಜಾಗವೇ ಮಗುವಿನ ಕೈಗೂ ಎಟುಕುವ ಜಾಗವಾಗಿತ್ತು. ಮೈಗೆ ಅಂಟಿಕೊಂಡು ಇರದ ಪಿಸ್ತೂಲು, ಚೀಲದಲ್ಲಾಗಲಿ ಕಾರಿನ ಡ್ರಾಯರಿನಲ್ಲಾಗಲಿ, ಒಯ್ಯುವವರ ಹತೋಟಿಯಲ್ಲಿ ಇಲ್ಲವೆಂದೇ ಅರ್ಥ.

ಹಗುರವಾದದ್ದು ಮರೆತುಹೋಗುವುದೂ ಬೇಗ. 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಪ್ರಯಾಣಿಕರ ಕೈಚೀಲಗಳಿಂದ ಸಿಕ್ಕ ಬಂದೂಕುಗಳು 6,737. ಅವುಗಳಲ್ಲಿ ಶೇ 93ರಷ್ಟರಲ್ಲಿ ಗುಂಡು ತುಂಬಿತ್ತು. ಸಿಕ್ಕಿಬಿದ್ದವರು ಸಾಮಾನ್ಯವಾಗಿ ಕೊಡುವ ಸಮಜಾಯಿಷಿ, ಚೀಲದಲ್ಲಿ ಇದ್ದದ್ದು ಮರೆತೇ ಹೋಗಿತ್ತು ಎಂದು.

ಪರೀಕ್ಷೆ ಹೋಯಿತು

2022ರ ಜೂನ್ 23ರಂದು ಅಮೆರಿಕದ ಸುಪ್ರೀಂ ಕೋರ್ಟ್ ಬ್ರೂಯೆನ್ ಪ್ರಕರಣದಲ್ಲಿ ತೀರ್ಪು ಕೊಟ್ಟು, ವಿಶೇಷ ಕಾರಣ ತೋರಿಸಿದವರಿಗೆ ಮಾತ್ರ ಒಯ್ಯುವ ಪರವಾನಗಿ ಎಂಬ ನ್ಯೂಯಾರ್ಕಿನ ಹಳೆಯ ನಿಯಮವನ್ನು ಹೊಡೆದುಹಾಕಿತು. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಬರೆದ ಆ ತೀರ್ಪು ಪ್ರಸಿದ್ಧ. ಅದರೊಳಗಿನ ಒಂದು ಅಡಿಟಿಪ್ಪಣಿ ಅಷ್ಟು ಪ್ರಸಿದ್ಧವಲ್ಲ. ಹಿನ್ನೆಲೆ ತಪಾಸಣೆ, ಸುರಕ್ಷತಾ ತರಬೇತಿಯಂಥ ಷರತ್ತು ಹಾಕಿ ಅರ್ಹರೆಲ್ಲರಿಗೂ ಪರವಾನಗಿ ಕೊಡುವ ರಾಜ್ಯಗಳ ಪದ್ಧತಿಯನ್ನು ಈ ತೀರ್ಪು ಪ್ರಶ್ನಿಸುವುದಿಲ್ಲ ಎಂಬುದು ಅದರ ತಾತ್ಪರ್ಯ. ತರಬೇತಿ ಕೇಳಬೇಡಿ ಎಂದು ನ್ಯಾಯಾಲಯ ಹೇಳಲಿಲ್ಲ. ಕೇಳುವುದನ್ನು ನಿಲ್ಲಿಸಿದ್ದು ಶಾಸನಸಭೆಗಳು.

ಟೆಕ್ಸಸ್ಸನ್ನೇ ನೋಡಿ. ಅಲ್ಲಿ ಪರವಾನಗಿ ಬಯಸುವವರು ನಾಲ್ಕರಿಂದ ಆರು ಗಂಟೆಯ ತರಗತಿಯಲ್ಲಿ ಕೂರಬೇಕು. ಆಮೇಲೆ ಮೂರು, ಏಳು ಮತ್ತು ಹದಿನೈದು ಗಜ ದೂರದಿಂದ ಒಟ್ಟು 50 ಗುಂಡು ಹೊಡೆದು ಶೇ 70 ಅಂಕ ಪಡೆಯಬೇಕು. ಕಠಿಣ ಪರೀಕ್ಷೆಯೇನೂ ಅಲ್ಲ. 2021ರ ಸೆಪ್ಟೆಂಬರ್ 1ರಿಂದ ಅದೂ ಐಚ್ಛಿಕವಾಯಿತು. 2023ರ ಜುಲೈಯಲ್ಲಿ ಫ್ಲಾರಿಡಾ, 2024ರಲ್ಲಿ ಸೌತ್ ಕ್ಯಾರೊಲಿನಾ ಮತ್ತು ಲೂಯಿಸಿಯಾನ ಅದೇ ದಾರಿ ಹಿಡಿದವು. ಇನ್ನೊಂದು ತುದಿಯಲ್ಲಿ ನ್ಯೂಯಾರ್ಕ್, 16 ಗಂಟೆ ತರಗತಿ ಮತ್ತು ಎರಡು ಗಂಟೆ ಗುಂಡಿನ ಅಭ್ಯಾಸ ಕೇಳುತ್ತದೆ.

ಪೊಲೀಸರ ಅನುಭವ ಇಲ್ಲಿ ಕಣ್ಣು ತೆರೆಸಬೇಕು. 1998ರಿಂದ 2006ರವರೆಗಿನ ನ್ಯೂಯಾರ್ಕ್ ಪೊಲೀಸರ ಗುಂಡಿನ ದಾಖಲೆಗಳನ್ನು ರ‍್ಯಾಂಡ್ ಸಂಶೋಧನಾ ಸಂಸ್ಥೆ ಪರಿಶೀಲಿಸಿತು. ಎದುರಾಳಿ ತಿರುಗಿ ಗುಂಡು ಹಾರಿಸುತ್ತಿದ್ದ ಸಂದರ್ಭಗಳಲ್ಲಿ ಪೊಲೀಸರ ಗುಂಡು ಗುರಿ ಮುಟ್ಟಿದ್ದು ಸರಾಸರಿ ಶೇ 18ರಷ್ಟು. ತಿರುಗಿ ಹಾರಿಸದಿದ್ದಾಗಲೂ ಶೇ 30ರಷ್ಟೇ. ಇವರು ತರಬೇತಿ ಪಡೆದವರು, ನಿಯಮಿತವಾಗಿ ಪರೀಕ್ಷೆಗೆ ನಿಲ್ಲುವವರು. ಗುರಿ ತಪ್ಪಿದ ಪ್ರತಿ ಗುಂಡೂ ಎಲ್ಲೋ ಒಂದು ಕಡೆ ಹೋಗಿ ನಿಲ್ಲುತ್ತದೆ: ಗೋಡೆಯಲ್ಲಿ, ಕಿಟಕಿಯಾಚೆ, ದಾರಿಹೋಕರ ಮೈಯಲ್ಲಿ. ಗಿಡ್ಡ ಹಿಡಿಯ ಪಿಸ್ತೂಲಿನಿಂದ ಒಮ್ಮೆಯೂ ಗುಂಡು ಹೊಡೆಯದವರು ಇಕ್ಕಟ್ಟಿನ ಹೊತ್ತಿನಲ್ಲಿ ಇದಕ್ಕಿಂತ ಚೆನ್ನಾಗಿ ಹೊಡೆದಾರು ಎಂದು ನಂಬಲು ಆಧಾರವಿಲ್ಲ.

ಒಯ್ಯುವವರ ಪರವಾಗಿಯೂ ನಿಜವಾದ ಸಾಕ್ಷ್ಯ ಇದೆ, ಅದನ್ನು ಮುಚ್ಚಿಡಬಾರದು. 2022ರ ಜುಲೈ 17ರಂದು ಇಂಡಿಯಾನಾ ರಾಜ್ಯದ ಗ್ರೀನ್‌ವುಡ್ ಪಾರ್ಕ್ ಮಾಲಿನಲ್ಲಿ ಬಂದೂಕುಧಾರಿಯೊಬ್ಬ ಮೂವರನ್ನು ಕೊಂದ. ಅಲ್ಲಿಗೆ ಬಂದಿದ್ದ 22 ವರ್ಷದ ಯುವಕ ಸೊಂಟದ ಪಿಸ್ತೂಲು ತೆಗೆದು 15 ಸೆಕೆಂಡುಗಳಲ್ಲಿ, ಸುಮಾರು 40 ಗಜ ದೂರದಿಂದ, ಹತ್ತು ಗುಂಡು ಹಾರಿಸಿದ. ಎಂಟು ಗುರಿ ಮುಟ್ಟಿ ಕೊಲೆಗಾರ ಉರುಳಿದ. ಎಷ್ಟೋ ಜೀವ ಉಳಿಯಿತು. ಆ ಯುವಕನಿಗೆ ಸೇನೆಯ ತರಬೇತಿ ಇರಲಿಲ್ಲ, ಪೊಲೀಸ್ ತರಬೇತಿಯೂ ಇರಲಿಲ್ಲ. ಅಜ್ಜ ಕಲಿಸಿದ ವಿದ್ಯೆ ಇತ್ತು. ಹತ್ತರಲ್ಲಿ ಎಂಟು ಎನ್ನುವುದು ಕಲಿತ ಕೈಯ ಫಲ, ಜೇಬಿನಲ್ಲಿ ಇದ್ದ ಮಾತ್ರಕ್ಕೆ ಬರುವುದಲ್ಲ.

ಒಟ್ಟಾರೆ ಸಮಾಜಕ್ಕೆ ಏನಾಗುತ್ತದೆ? ಹೆಚ್ಚು ಜನ ಒಯ್ದರೆ ಅಪರಾಧ ಇಳಿಯುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾನ್ ಲಾಟ್ 1998ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2004ರಲ್ಲಿ ಆ ವಾದ ಪರಿಶೀಲಿಸಿ, ಯಾವ ಕಡೆಗೂ ತೀರ್ಮಾನ ಹೇಳಲು ಪುರಾವೆ ಸಾಲದು ಎಂದಿತು. ಸ್ಟ್ಯಾನ್‌ಫರ್ಡಿನ ಜಾನ್ ಡೊನೊಹ್ಯೂ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಯ್ಯುವ ಹಕ್ಕು ಸಡಿಲಿಸಿದ ರಾಜ್ಯಗಳಲ್ಲಿ ಹತ್ತು ವರ್ಷಗಳ ನಂತರ ಹಿಂಸಾತ್ಮಕ ಅಪರಾಧ ಶೇ 13ರಿಂದ 15ರಷ್ಟು ಹೆಚ್ಚಿತ್ತು. ಇನ್ನೊಂದು ಸಂಖ್ಯೆಯ ಬಗ್ಗೆ ವಾದವೇ ಇಲ್ಲ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಜೀವ ತಾವೇ ತೆಗೆದುಕೊಂಡವರು. ಅಪರಿಚಿತ ದರೋಡೆಕೋರನ ಭಯದಿಂದ ಕೊಂಡ ಪಿಸ್ತೂಲು ಮನೆಯವರ ಕಷ್ಟದ ಗಳಿಗೆಯಲ್ಲೂ ಕೈಗೆಟುಕುವಂತೆ ಇರುತ್ತದೆ. ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದಾಗ ಆಯುಧವನ್ನು ಮನೆಯಿಂದ ಹೊರಗೆ ಸಾಗಿಸುವುದು ಯಾವ ಹೋಲ್‌ಸ್ಟರಿಗಿಂತಲೂ ದೊಡ್ಡ ರಕ್ಷಣೆ.

ಅಲ್ಲಿರುವ ನಮ್ಮವರಿಗೆ

ಟೆಕ್ಸಸ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ಅವರು ಮೊದಲು ತಿಳಿಯಬೇಕಾದದ್ದು ಪಿಸ್ತೂಲಿನ ಮಾಡೆಲ್ ಅಲ್ಲ, ತಮ್ಮ ವೀಸಾದ ಬಗೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಕಾಡತೂಸನ್ನಾಗಲಿ ಇಟ್ಟುಕೊಳ್ಳುವುದನ್ನು ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಇದ್ದವರಿಗೆ ಸಿಗುವ ರಿಯಾಯಿತಿಯಂಥ ಕೆಲವೇ ವಿನಾಯಿತಿಗಳಿವೆ. ರಾಜ್ಯದಲ್ಲಿ ಪರವಾನಗಿ ಬೇಕಿಲ್ಲ ಎಂಬ ಮಾತನ್ನು ನಂಬಿ ಅಂಗಡಿಗೆ ಹೋದರೆ ಜೈಲು, ಗಡೀಪಾರು ಎರಡೂ ಕಾದಿರುತ್ತವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಇಲ್ಲ. ಅವರೂ ಒಂದು ರಾಜ್ಯದ ಗಡಿ ದಾಟಿದ ಕೂಡಲೇ ನಿಯಮ ಬದಲಾಗುತ್ತದೆ ಎಂಬುದನ್ನು ಮರೆಯಬಾರದು.

ಭಾರತದ ನಮ್ಮ ಕಾನೂನು ಬೇರೆಯೇ ನೆಲೆಯಲ್ಲಿ ನಿಂತಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಇಲ್ಲಿ ಬಂದೂಕು ಸರ್ಕಾರ ಕೊಡುವ ಅನುಮತಿ, ಹುಟ್ಟಿನಿಂದ ಬಂದ ಹಕ್ಕಲ್ಲ. ಮೇಲೆ ಹೇಳಿದ 9 ಎಂ.ಎಂ. ಕಾಡತೂಸು ನಮ್ಮಲ್ಲಿ ಸಾರ್ವಜನಿಕರಿಗೆ ನಿಷಿದ್ಧ. ಪರವಾನಗಿ ಪಡೆದವರಿಗೆ ಸಾಮಾನ್ಯವಾಗಿ ಸಿಗುವುದು .32ರ ಪಿಸ್ತೂಲು ಅಥವಾ ರಿವಾಲ್ವರ್. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದು ಅರ್ಧ ಕಿಲೋ ತೂಕದ ನಿರ್ಭೀಕ್ ರಿವಾಲ್ವರ್ ತಂದಾಗ, ಹಗುರವೆಂಬುದೇ ಅದರ ದೊಡ್ಡ ಗುಣವೆಂದು ಪ್ರಚಾರ ನಡೆಯಿತು. ಹೆದರಿದವರ ಕೈಗೆ ಹಗುರ ಆಯುಧ ಕೊಟ್ಟರೆ ಸಾಕು ಎಂಬ ಯೋಚನೆ ಅಮೆರಿಕಕ್ಕೆ ಮಾತ್ರ ಸೀಮಿತವಲ್ಲ ಎಂದಾಯಿತು. ಆದರೂ 2016ರ ನಮ್ಮ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಬಯಸುವವರಿಗೆ ಸುರಕ್ಷತಾ ತರಬೇತಿಯ ಷರತ್ತು ಹಾಕಿವೆ. ಅದನ್ನು ಕಾಗದದ ಶಾಸ್ತ್ರವಾಗಲು ಬಿಡದೆ ಜಾರಿ ಮಾಡುವುದು ನಮ್ಮ ಜಿಲ್ಲಾಡಳಿತಗಳ ಹೊಣೆ.

ಅಮೆರಿಕದವರ ಹಕ್ಕನ್ನು ಕಿತ್ತುಕೊಳ್ಳಿ ಎಂದು ಇಲ್ಲಿ ಕೂತು ಹೇಳುವುದು ನನ್ನ ಉದ್ದೇಶವಲ್ಲ. ಆ ಹಕ್ಕನ್ನು ಅವರ ಸಂವಿಧಾನ ಕೊಟ್ಟಿದೆ, ನ್ಯಾಯಾಲಯ ಎತ್ತಿಹಿಡಿದಿದೆ. ಆ ಹಕ್ಕಿನೊಳಗೇ ಮಾಡಬಹುದಾದ ಕೆಲಸ ಒಂದಿದೆ. ಯಾವ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೋ ಅದೇ ಪಿಸ್ತೂಲಿನಿಂದ, ಯಾವ ಹೋಲ್‌ಸ್ಟರಿನಲ್ಲಿ ಒಯ್ಯುತ್ತಾರೋ ಅದೇ ಹೋಲ್‌ಸ್ಟರಿನಿಂದ ತೆಗೆದು, ವರ್ಷಕ್ಕೊಮ್ಮೆ 50 ಗುಂಡು ಹೊಡೆದು ತೋರಿಸಬೇಕು. ಮನೆಯಲ್ಲಿ ಬೀಗದ ಪೆಟ್ಟಿಗೆ ಇದೆ ಎಂದು ಸಾಬೀತು ಮಾಡಬೇಕು. ಆ ಪರೀಕ್ಷೆಗೆ ನಿಂತ ಬಹಳಷ್ಟು ಜನ 270 ಗ್ರಾಮಿನ ಪಿಸ್ತೂಲನ್ನು ತಾವಾಗಿಯೇ ಕೆಳಗಿಟ್ಟು, ಕೈ ತುಂಬ ಹಿಡಿಯಬಹುದಾದ ಗ್ಲಾಕ್ 19ನ್ನೋ ಶೀಲ್ಡ್ ಇಝಡ್‌ ಅನ್ನೋ ಎತ್ತಿಕೊಂಡಾರು. ಕೆಲವರು ಒಯ್ಯುವ ಯೋಚನೆಯನ್ನೇ ಬಿಟ್ಟಾರು. ಬ್ರೂಯೆನ್ ತೀರ್ಪಿನ ಅಡಿಟಿಪ್ಪಣಿ ತರಬೇತಿಯ ಷರತ್ತಿಗೆ ಬಾಗಿಲು ಮುಚ್ಚಿಲ್ಲ, ಪರೀಕ್ಷೆಗೆ ಬೇಕಾದದ್ದು ಒಂದು ಮಧ್ಯಾಹ್ನ ಮಾತ್ರ. ಟೆಕ್ಸಸ್ 2021ರವರೆಗೆ 50 ಗುಂಡಿನ ಪರೀಕ್ಷೆಯನ್ನಾದರೂ ಕೇಳುತ್ತಿತ್ತು. ಮತ್ತೆ ಕೇಳಬೇಕು, ಉಳಿದ 28 ರಾಜ್ಯಗಳೂ ಕೇಳಬೇಕು.